ಅಂಗಳಕ್ಕೆ ಬಂದ ಹಳೆಯ ಜೀಪು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರ ಕಾಲದಲ್ಲಿ ಹಳೆಯ ಜೀಪು ಕೊಂಡು ತರುವ ಹವ್ಯಾಸವಿರಲಿಲ್ಲ. ಇದ್ದಿದ್ದರೆ ಆ ಗಾದೆಗೆ ಮೂರನೆಯ ಮಾತೊಂದು ಸೇರುತ್ತಿತ್ತೋ ಏನೋ!

ಮಲೆನಾಡಿನಲ್ಲಿ, ಕೊಡಗಿನಲ್ಲಿ, ಕರಾವಳಿಯ ಹಳ್ಳಿಗಳಲ್ಲಿ ಈ ದೃಶ್ಯವನ್ನು ನೀವೂ ಕಂಡಿರಬಹುದು. ಮನೆಯ ಯಜಮಾನರೋ, ಕಾಲೇಜು ಮುಗಿಸಿದ ಮಗನೋ ಒಂದು ಸಂಜೆ ತುಕ್ಕು ಹಿಡಿದ ಜೀಪೊಂದನ್ನು ಹಗ್ಗ ಕಟ್ಟಿ ಎಳೆದು ತಂದು ಅಂಗಳದಲ್ಲಿ ನಿಲ್ಲಿಸುತ್ತಾರೆ. "ಎರಡೇ ತಿಂಗಳು, ಹೊಸತರಂತೆ ಮಾಡುತ್ತೇನೆ" ಎಂಬ ಭರವಸೆ ಬೇರೆ. ಎರಡು ತಿಂಗಳು ಎರಡು ವರ್ಷವಾಗುತ್ತದೆ. ಜೀಪು ಟಾರ್ಪಾಲಿನಡಿ ಮಲಗಿರುತ್ತದೆ, ಕೋಳಿಗಳು ಅದರಲ್ಲಿ ಮೊಟ್ಟೆಯಿಡುತ್ತವೆ. ಮನೆಯಾಕೆ ದಿನವೂ ಅದನ್ನು ಸುತ್ತಿ ಬಳಸಿ ಬಟ್ಟೆ ಒಣಹಾಕಲು ಹೋಗುತ್ತಾಳೆ.

ಹಾಗಾದರೆ ಈ ಆಸೆಯೇ ತಪ್ಪೇ? ಖಂಡಿತ ಅಲ್ಲ. ತಿಳಿದು ಮಾಡಿದರೆ ಇದರಷ್ಟು ಕಲಿಸುವ ಕೆಲಸ ಇನ್ನೊಂದಿಲ್ಲ. ಆದರೆ ಇದು ಆಟದ ಸಾಮಾನಲ್ಲ. ಒಂದು ಟನ್ನಿಗೂ ಹೆಚ್ಚು ತೂಕದ ಕಬ್ಬಿಣ. ನಾಳೆ ಅದರ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳುವವರು ನಿಮ್ಮದೇ ಮಕ್ಕಳು. ಆದ್ದರಿಂದ ಪಾನಾ ಹಿಡಿಯುವವರಷ್ಟೇ ಅಲ್ಲ, ಮನೆಮಂದಿಯೆಲ್ಲ ಇದರ ಬಗ್ಗೆ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಯುದ್ಧಭೂಮಿಯಿಂದ ತೋಟಕ್ಕೆ

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1941ರಿಂದ 1945ರ ನಡುವೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಕೆಟ್ಟರೆ ಯುದ್ಧಭೂಮಿಯಲ್ಲೇ, ಸಾಮಾನ್ಯ ಸೈನಿಕನೇ ಬಿಚ್ಚಿ ಸರಿಪಡಿಸುವಂತಿರಬೇಕು ಎಂಬುದು ಅದರ ವಿನ್ಯಾಸದ ಹಿಂದಿದ್ದ ಯೋಚನೆ. ಇಂದಿಗೂ ಹಳೆಯ ಜೀಪನ್ನು ಮನೆಯಂಗಳದಲ್ಲಿ ಬಿಚ್ಚಿ ಕಟ್ಟಲು ಸಾಧ್ಯವಾಗಿರುವುದು ಅದೇ ಕಾರಣಕ್ಕೆ.

ನಮ್ಮ ದೇಶಕ್ಕೆ ಅದು ಬಂದ ಕಥೆಯೂ ಸ್ವಾರಸ್ಯಕರ. 1945ರಲ್ಲಿ ಮಹೀಂದ್ರ ಸಹೋದರರು ಮತ್ತು ಮಲಿಕ್ ಗುಲಾಮ್ ಮುಹಮ್ಮದ್ ಸೇರಿ ಉಕ್ಕಿನ ವ್ಯಾಪಾರಕ್ಕೆಂದು ಕಂಪೆನಿಯೊಂದನ್ನು ಆರಂಭಿಸಿದರು. ಅದರ ಹೆಸರು 'ಮಹೀಂದ್ರ ಆಂಡ್ ಮುಹಮ್ಮದ್'. 1947ರಲ್ಲಿ ಈ ಕಂಪೆನಿ ವಿಲ್ಲೀಸ್ ಜೀಪುಗಳ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ದೇಶವಿಭಜನೆಯ ಬಳಿಕ ಗುಲಾಮ್ ಮುಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪೆನಿಯ ಹೆಸರು 'ಮಹೀಂದ್ರ ಆಂಡ್ ಮಹೀಂದ್ರ' ಎಂದು ಬದಲಾಯಿತು. ಹೀಗೆ ನಮ್ಮ ಅಂಗಳದ ಜೀಪಿನಲ್ಲಿ ಉಪಖಂಡದ ಚರಿತ್ರೆಯ ಒಂದು ತುಣುಕೂ ಇದೆ.

ಎತ್ತರದ ಬಾನೆಟ್ಟಿನ ಸಿಜೆ3ಬಿ, ಪ್ಯೂಜೋ ವಿನ್ಯಾಸದ ಡೀಸೆಲ್ ಎಂಜಿನ್ನಿನ ಎಂಎಂ540, 1985ರಲ್ಲಿ ಬಂದ ಮಾರುತಿ ಜಿಪ್ಸಿ- ಹಳೆಯ ಗಾಡಿ ಹುಡುಕುವವರ ಕಣ್ಣು ಹೆಚ್ಚಾಗಿ ಇವುಗಳ ಮೇಲೆಯೇ. ಕೊಡಚಾದ್ರಿಯ, ಮಾಂದಲಪಟ್ಟಿಯ ಕಲ್ಲುದಾರಿಯಲ್ಲಿ ಇಂಥ ಗಾಡಿಗಳಲ್ಲಿ ಕುಳಿತವರಿಗೆ ಅವುಗಳ ತಾಕತ್ತು ಏನೆಂದು ಹೇಳಬೇಕಾಗಿಲ್ಲ.

ಕೊಳ್ಳುವ ಮುನ್ನ

ಹೊಳೆಯುವ ಬಣ್ಣ ಕಂಡು ಮರುಳಾಗಬೇಡಿ. ಬಣ್ಣದಡಿ ಏನಿದೆಯೆಂದು ಬಲ್ಲವರು ಮೊದಲು ನೆಲಕ್ಕೆ ಬಗ್ಗಿ ಛಾಸಿ ನೋಡುತ್ತಾರೆ. ಜೀಪಿನ ಬೆನ್ನೆಲುಬು ಈ ಏಣಿಯಾಕಾರದ ಛಾಸಿ. ಅದನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ 'ಠಣ್' ಎನ್ನುತ್ತದೆ, ತುಕ್ಕು ತಿಂದ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಸ್ಪ್ರಿಂಗ್ ಪ್ಲೇಟುಗಳನ್ನು ತೂಗುಹಾಕಿರುವ ಕಡೆ ಬಿರುಕು, ಹಳೆಯ ವೆಲ್ಡಿಂಗ್ ಇದೆಯೇ ನೋಡಿ. ನಮ್ಮ ಮಳೆಗಾಲಕ್ಕೆ ಮೊದಲು ಬಲಿಯಾಗುವುದು ಕಾಲಿಡುವ ತಗಡು ಮತ್ತು ಛಾಸಿಯ ಹಿಂಭಾಗ.

ಎರಡನೆಯದಾಗಿ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯೇ ಎಂದು ಖಚಿತಪಡಿಸಿಕೊಳ್ಳಿ. ಜೀಪೆಂದರೆ ಎಲ್ಲವೂ 'ಫೋರ್ ವೀಲ್' ಎಂಬ ತಪ್ಪು ಕಲ್ಪನೆ ಹಲವರಲ್ಲಿದೆ. ಮಹೀಂದ್ರದ ಅನೇಕ ಜೀಪುಗಳು ಹಿಂದಿನ ಎರಡು ಚಕ್ರದಿಂದ ಮಾತ್ರ ಓಡುವಂಥವು. ಗೇರಿನ ಪಕ್ಕದಲ್ಲಿ ಇನ್ನೊಂದೋ ಎರಡೋ ಸಣ್ಣ ಲಿವರ್ ಇರಬೇಕು. ಮುಂದಿನ ಆಕ್ಸಲಿನ ನಡುವೆ ಹಿಂದಿನಂತೆಯೇ ದಪ್ಪನೆಯ ಗುಂಡು ಇರಬೇಕು. ಇಲ್ಲದ ಗಾಡಿಗೆ ಆಮೇಲೆ ಅದನ್ನು ಕೂರಿಸುವುದು ಭಾರೀ ಖರ್ಚಿನ ಬಾಬ್ತು.

ಮೂರನೆಯದು ಕಾಗದಪತ್ರ. ಛಾಸಿ ನಂಬರು, ಎಂಜಿನ್ ನಂಬರು ಎರಡೂ ಆರ್‌ಸಿಯಲ್ಲಿರುವುದಕ್ಕೆ ತಾಳೆಯಾಗಬೇಕು. ಸೇನೆಯ ಹರಾಜಿನ ಗಾಡಿ ಎಂದು ಹೇಳಿ ಮಾರುವವರಲ್ಲಿ ಹರಾಜಿನ ದಾಖಲೆ ಕೇಳಿ. ಪತ್ರವಿಲ್ಲದ ಜೀಪು ಎಷ್ಟೇ ಅಗ್ಗವಾಗಿದ್ದರೂ ಅದು ಗುಜರಿಯ ಬೆಲೆಯದ್ದೇ ಹೊರತು ಗಾಡಿಯ ಬೆಲೆಯದ್ದಲ್ಲ.

ಮೊದಲು ನಿಲ್ಲಲಿ, ಆಮೇಲೆ ಓಡಲಿ

ಹೆಚ್ಚಿನವರು ಇಲ್ಲಿ ಎಡವುತ್ತಾರೆ. ಗಾಡಿ ಮನೆಗೆ ಬಂದ ಕೂಡಲೇ ಎಂಜಿನ್ ಚಾಲೂ ಮಾಡುವ ಆತುರ, ನಂತರ ದೊಡ್ಡ ಟಯರು, ನಂತರ ಬಣ್ಣ. ಬ್ರೇಕಿನ ಸರದಿ ಕೊನೆಗೆ. ಕ್ರಮ ತಿರುವುಮುರುವಾಗಬೇಕು. ಗುಡ್ಡ ಹತ್ತಿಸುವುದು ಎಂಜಿನ್ನಿನ ಕೆಲಸ, ಮನೆಗೆ ಮರಳಿ ತಲಪಿಸುವುದು ಬ್ರೇಕಿನ ಕೆಲಸ.

ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಬ್ರೇಕಿನ ಎಣ್ಣೆ ಹರಿಯುವ ಹಾದಿ ಒಂದೇ. ಅಂದರೆ ಎಲ್ಲಾದರೂ ಒಂದು ಕಡೆ ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಒಮ್ಮೆಲೇ ಹೋಗುತ್ತದೆ. ಈಗಿನ ವಾಹನಗಳಲ್ಲಿ ಎರಡು ಪ್ರತ್ಯೇಕ ಹಾದಿಗಳಿರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತದೆ. ಆದ್ದರಿಂದ ಹಳೆಯ ಪೈಪು, ರಬ್ಬರ್ ಹೋಸು, ಸಿಲಿಂಡರಿನ ವಾಷರುಗಳನ್ನು ಪೂರ್ತಿ ಬದಲಿಸಿ. ಬಲ್ಲ ಮೆಕ್ಯಾನಿಕ್‌ನಿಂದ ಎರಡು ಹಾದಿಯ ಮಾಸ್ಟರ್ ಸಿಲಿಂಡರ್ ಹಾಕಿಸುವ ಬಗ್ಗೆ ವಿಚಾರಿಸಿ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ವರ್ಷಗಟ್ಟಲೆ ನಿಂತ ಗಾಡಿಯ ಎಣ್ಣೆಯನ್ನು ನಂಬಲೇಬೇಡಿ.

ನಂತರ ಸ್ಟಿಯರಿಂಗ್. ಗಾಡಿ ನಿಲ್ಲಿಸಿ ಒಬ್ಬರು ಸ್ಟಿಯರಿಂಗ್ ಅಲುಗಿಸಲಿ, ಇನ್ನೊಬ್ಬರು ಕೆಳಗೆ ನೋಡಲಿ. ಟೈರಾಡಿನ ಗಂಟುಗಳಲ್ಲಿ, ಕಿಂಗ್‌ಪಿನ್ನಿನಲ್ಲಿ ಸಡಿಲವಿದ್ದರೆ ಚಕ್ರ ತಿರುಗುವ ಮುನ್ನ ಸ್ಟಿಯರಿಂಗ್ ಎಷ್ಟೋ ದೂರ ಖಾಲಿ ತಿರುಗುತ್ತದೆ. ವೇಗ ಹೆಚ್ಚಿದಾಗ ಮುಂದಿನ ಚಕ್ರಗಳು ಗಡಗಡ ನಡುಗುವುದೂ ಹೆಚ್ಚಾಗಿ ಇದರಿಂದಲೇ. ಬಳಿಕ ವೈರಿಂಗ್. ಇಲಿ ಕಡಿದ, ಟೇಪು ಸುತ್ತಿದ ವೈರನ್ನು ಸರಿಪಡಿಸುವುದಕ್ಕಿಂತ ಪೂರ್ತಿ ಹೊಸತು ಎಳೆದು, ಪ್ರತಿಯೊಂದಕ್ಕೂ ಫ್ಯೂಸ್ ಹಾಕುವುದು ಲೇಸು. ಜೀಪುಗಳು ಹೊತ್ತಿಕೊಳ್ಳುವುದು ಇಂಥ ವೈರುಗಳಿಂದಲೇ. ಇಷ್ಟೆಲ್ಲ ಆದ ಮೇಲೆ ಎಂಜಿನ್, ಕ್ಲಚ್, ಗೇರ್‌ಬಾಕ್ಸ್. ಟಿಂಕರಿಂಗ್ ಮತ್ತು ಬಣ್ಣ ಎಲ್ಲಕ್ಕೂ ಕೊನೆಗೆ.

ಬದಲಾವಣೆ ಎಷ್ಟು, ಏಕೆ?

ಎತ್ತರ ಏರಿಸಿದ ಜೀಪು, ಮೊಣಕಾಲೆತ್ತರದ ಟಯರು ನೋಡಲು ಚೆಂದ. ಆದರೆ ಪ್ರತಿ ಬದಲಾವಣೆಗೂ ಒಂದು ಬೆಲೆಯಿದೆ. ಸಾಮಾನ್ಯ ಹಳೆಯ ಜೀಪಿನ ಮುಂದಿನ ಮತ್ತು ಹಿಂದಿನ ಆಕ್ಸಲಿನ ನಡುವಿನ ಅಂತರ ಕೇವಲ 80 ಇಂಚು. ಅಗಲವೂ ಕಡಿಮೆ. ಇಂಥ ಗಾಡಿಯನ್ನು ಇನ್ನಷ್ಟು ಎತ್ತರಿಸಿದರೆ ಭಾರವೆಲ್ಲ ಮೇಲಕ್ಕೆ ಹೋಗಿ, ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ. ಬ್ರೇಕಿನ ಹೋಸು ಎಳೆದಂತಾಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ದೊಡ್ಡ ಟಯರು ಹಾಕಿದರೆ ಎಂಜಿನ್ ತಿಣುಕುತ್ತದೆ, ಬ್ರೇಕಿಗೆ ಹೆಚ್ಚು ಬಲ ಬೇಕಾಗುತ್ತದೆ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ.

ನಿಜವಾಗಿ ಪ್ರಯೋಜನಕ್ಕೆ ಬರುವ ಕೆಲಸಗಳು ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ: ಒಳ್ಳೆಯ ಬ್ರೇಕು, ಒಳ್ಳೆಯ ಹೆಡ್‌ಲೈಟು, ಎಳೆಯಲು ಗಟ್ಟಿಯಾದ ಕೊಕ್ಕೆ, ಸೀಟ್ ಬೆಲ್ಟು. ಬಟ್ಟೆಯ ಹುಡ್ ಇರುವ ಜೀಪು ಮಗುಚಿದರೆ ತಲೆ ಕಾಯುವುದು ಯಾವುದೂ ಇಲ್ಲ. ಕಬ್ಬಿಣದ ಪೈಪಿನ ರೋಲ್ ಕೇಜ್ ಹಾಕುವುದಾದರೆ ಅದು ತಗಡಿಗಲ್ಲ, ಛಾಸಿಗೆ ಬಿಗಿದಿರಬೇಕು. ಹಿಂದೆ ಎದುರುಬದುರಾಗಿ ಕೂರುವ ಉದ್ದ ಸೀಟಿನಲ್ಲಿ ಮಕ್ಕಳನ್ನು ತುಂಬಿಸಿಕೊಂಡು ಹೋಗುವುದು ನಮ್ಮ ಕಡೆ ರೂಢಿ. ಬ್ರೇಕು ಹಾಕಿದಾಗ ಅವರನ್ನು ಹಿಡಿಯುವುದು ಏನು ಎಂದು ಒಮ್ಮೆ ಯೋಚಿಸಿ.

ಕಾನೂನು ಏನನ್ನುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲಕರು ಮಾಡುವ ಇಂಥ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಮುಂದುಗಡೆ ಕಬ್ಬಿಣದ ಬುಲ್ ಬಾರ್ ಅಳವಡಿಸುವುದು 2017ರ ಡಿಸೆಂಬರ್‌ನಿಂದಲೇ ನಿಷಿದ್ಧ. ಆದ್ದರಿಂದ ಎಂಜಿನ್, ಬಣ್ಣ, ಬಾಡಿ- ಯಾವುದನ್ನು ಮುಟ್ಟುವ ಮುನ್ನವೂ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳಿ. ಅನುಮತಿಯಿಲ್ಲದ ಬದಲಾವಣೆಯಾಗಿದ್ದರೆ ಅಪಘಾತದ ಹೊತ್ತಿನಲ್ಲಿ ವಿಮಾ ಕಂಪೆನಿಯೂ ಕೈಯೆತ್ತಬಹುದು.

ಹದಿನೈದು ವರ್ಷ ದಾಟಿದ ಖಾಸಗಿ ವಾಹನಕ್ಕೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 600 ರೂಪಾಯಿ ಇದ್ದ ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ಮೀರಿದವುಗಳಿಗೆ 10,000 ರೂಪಾಯಿ ಎಂದಾಯಿತು. ಇನ್ನೊಂದು ವಿಷಯ: 50 ವರ್ಷ ದಾಟಿದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸುವ ಅವಕಾಶ 2021ರಲ್ಲಿ ಬಂದಿದೆ. ಆದರೆ ಗಾಡಿ ಮೂಲರೂಪದಲ್ಲೇ ಇರಬೇಕು. ಅಜ್ಜನ ಕಾಲದ ಜೀಪನ್ನು ಗರಗಸ ಹಾಕಿ ಕತ್ತರಿಸುವ ಮುನ್ನ ಇದನ್ನು ನೆನಪಿಡಿ.

ಅಂಗಳವೇ ಗ್ಯಾರೇಜಾದಾಗ

ಮನೆಯಲ್ಲಿ ಕೆಲಸ ಮಾಡುವಾಗ ಕೆಲವು ನಿಯಮಗಳನ್ನು ಮುರಿಯಲೇಬಾರದು. ಬರೀ ಜಾಕಿಯ ಮೇಲೆ ನಿಂತ ಗಾಡಿಯಡಿ ಯಾರೂ ನುಸುಳಬಾರದು. ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡ್ ಇಡಬೇಕು. ಇಟ್ಟಿಗೆ, ಸಿಮೆಂಟಿನ ಬ್ಲಾಕು ಬೇಡ, ಅವು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ. ಚಕ್ರಗಳಿಗೆ ಅಡ್ಡಗಟ್ಟೆ ಇರಲಿ. ಹಲವು ಹಳೆಯ ಜೀಪುಗಳ ಹ್ಯಾಂಡ್‌ಬ್ರೇಕು ಚಕ್ರವನ್ನಲ್ಲ, ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವಂಥದ್ದು. ಹಿಂದಿನ ಒಂದು ಚಕ್ರ ನೆಲ ಬಿಟ್ಟರೆ ಅದು ಗಾಡಿಯನ್ನು ಹಿಡಿದು ನಿಲ್ಲಿಸುವುದಿಲ್ಲ.

ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡಿಸಲೇಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಸಿಡಿದರೆ ಬಾಂಬಿಗೆ ಸಮ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುವುದುಂಟು. ಅದರ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯಬಹುದು. ಬ್ರೇಕ್ ಎಣ್ಣೆ, ಬ್ಯಾಟರಿ ನೀರು ತಂಪು ಪಾನೀಯದ ಬಾಟಲಿಗಳಲ್ಲಿ ಇರದಿರಲಿ. ಕಳಚಿದ ಎಂಜಿನ್ ಆಯಿಲ್ಲನ್ನು ಬಾವಿಕಟ್ಟೆಯ ಬಳಿ ಚೆಲ್ಲಬೇಡಿ.

ಖರ್ಚಿನ ಲೆಕ್ಕಕ್ಕೆ ಒಂದು ಪುಸ್ತಕವಿರಲಿ. ಗಾಡಿಯ ಬೆಲೆ ಆರಂಭ ಮಾತ್ರ. ಟಯರು, ಲೇತ್ ಕೆಲಸ, ಬಿಡಿಭಾಗ ಎಂದು ಹಣ ಸಣ್ಣಸಣ್ಣದಾಗಿ ಸೋರುತ್ತದೆ. ತಿಂಗಳಿಗೆ ಇಷ್ಟೇ ಎಂದು ಮನೆಯವರೆಲ್ಲ ಕುಳಿತು ನಿರ್ಧರಿಸಿ. ಸಾಲ ಮಾಡಿ, ಒಡವೆ ಅಡವಿಟ್ಟು ಹವ್ಯಾಸ ನಡೆಸಿದರೆ ಅದು ಮನೆಯ ನೆಮ್ಮದಿಯನ್ನೇ ನುಂಗುತ್ತದೆ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸುವ ಕೆಲಸವನ್ನು ಮಕ್ಕಳಿಗೆ ಕೊಡಿ. ಮಗನಿಗೆ ಮಾತ್ರವಲ್ಲ, ಮಗಳಿಗೂ ಪಾನಾ ಹಿಡಿಯಲು ಕಲಿಸಿ. ನಡುದಾರಿಯಲ್ಲಿ ಟಯರು ಪಂಕ್ಚರಾದಾಗ ಆಕೆ ಯಾರ ದಾರಿಯನ್ನೂ ಕಾಯಬೇಕಾಗದು.

ಗುಡ್ಡದ ಹಾದಿಯಲ್ಲಿ

ಫೋರ್ ವೀಲನ್ನು ಟಾರು ರಸ್ತೆಯಲ್ಲಿ ಹಾಕಿಕೊಂಡು ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸುತ್ತುತ್ತವೆ. ಕೆಸರಿನಲ್ಲಾದರೆ ಚಕ್ರ ಜಾರಿ ಹೊಂದಿಕೊಳ್ಳುತ್ತದೆ, ಗಟ್ಟಿ ರಸ್ತೆಯಲ್ಲಿ ಆ ಎಳೆದಾಟ ಗೇರು, ಶಾಫ್ಟುಗಳನ್ನು ಮುರಿಯುತ್ತದೆ. ಕಡಿದಾದ ಇಳಿಜಾರಿನಲ್ಲಿ 'ಲೋ' ಲಿವರ್ ಹಾಕಿ, ಮೊದಲ ಗೇರಿನಲ್ಲಿ, ಕ್ಲಚ್ ಮುಟ್ಟದೆ ಇಳಿಯಿರಿ. 'ಲೋ' ಹಾಕಿದಾಗ ವೇಗ ಸುಮಾರು ಎರಡೂವರೆ ಪಟ್ಟು ತಗ್ಗಿ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ತೊರೆ ದಾಟಿದ ಮೇಲೆ ಡ್ರಮ್ ಬ್ರೇಕು ಒದ್ದೆಯಾಗಿ ಹಿಡಿಯುವುದಿಲ್ಲ. ಮೆಲ್ಲಗೆ ಹೋಗುತ್ತಾ ಪೆಡಲನ್ನು ಹಗುರವಾಗಿ ಒತ್ತಿ ಒಣಗಿಸಿಕೊಳ್ಳಿ. ಮರಳಿನಲ್ಲಿ ಟಯರಿನ ಗಾಳಿ ಇಳಿಸಿದರೆ ಅಗಲವಾಗಿ ಊರಿ ಹೂತುಹೋಗುವುದಿಲ್ಲ ಎಂಬುದು ಗಲ್ಫಿನಲ್ಲಿ ದುಡಿದು ಬಂದವರಿಗೆ ಗೊತ್ತಿರುವ ವಿದ್ಯೆ. ಆದರೆ ರಸ್ತೆಗೆ ಮರಳುವ ಮುನ್ನ ಗಾಳಿ ತುಂಬಿಸಲೇಬೇಕು.

ಕೊನೆಯದಾಗಿ ಒಂದು ಮಾತು. ಜೀಪು ಸಿದ್ಧವಾದ ದಿನ ಮನೆಯವರೆಲ್ಲ ಹತ್ತಿ ಕೂರುವ ಸಂಭ್ರಮ ಸಹಜ. ಆದರೆ ಆ ದಿನ ಬೇಡ. ಕಟ್ಟಿದವರು ಮೊದಲು ಒಬ್ಬರೇ ಓಡಿಸಲಿ, ಖಾಲಿ ಬಯಲಿನಲ್ಲಿ ಹತ್ತಾರು ಸಲ ಬ್ರೇಕು ಹಾಕಿ ನೋಡಲಿ. ಒಂದು ವಾರ ಕಳೆದು ಪ್ರತಿಯೊಂದು ಬೋಲ್ಟನ್ನೂ ಮತ್ತೊಮ್ಮೆ ಬಿಗಿಯಲಿ. ಬಲ್ಲ ಮೆಕ್ಯಾನಿಕ್ ಒಬ್ಬರಿಗೆ ತೋರಿಸಲಿ. ಆಮೇಲೆ ನೀವೇ ಕೇಳಿ: "ಮಕ್ಕಳನ್ನು ಇದರಲ್ಲಿ ಘಾಟಿ ಇಳಿಸುವ ಧೈರ್ಯ ನಿಮಗಿದೆಯೇ?" ತಡವರಿಸದೆ "ಇದೆ" ಎಂಬ ಉತ್ತರ ಬಂದ ದಿನ ಬುತ್ತಿ ಕಟ್ಟಿಕೊಂಡು ಹೊರಡಿ. ಅಷ್ಟರವರೆಗೆ ಅದು ಅಂಗಳದಲ್ಲೇ ನಿಂತಿರಲಿ, ಕೋಳಿಗಳು ಮೊಟ್ಟೆಯಿಟ್ಟರೂ ಚಿಂತೆಯಿಲ್ಲ.