ಲಕ್ಷ ಭಾರತಕ್ಕೆ ಒಬ್ಬ

ನೀರಿಗೆ ಅರಿಸಿನ ಕದಡಿ ಚಿಟಿಕೆ ಸುಣ್ಣ ಹಾಕಿದರೆ ಕೆಂಪಗಾಗುತ್ತದೆ. ಆರತಿ ತಟ್ಟೆಯಲ್ಲಿ ಚಿಕ್ಕಂದಿನಿಂದ ನೋಡಿದ್ದೇ. ಕಳೆದ ಭಾನುವಾರ ಆ ಕೆಂಪು ನೀರಿಗೆ ಒಂದು ಪಿಎಚ್ ಪಟ್ಟಿ ಅದ್ದಿದೆ. ಡಬ್ಬಿಯ ಮೇಲಿನ ಬಣ್ಣಗಳ ಪಕ್ಕ ಹಿಡಿದರೆ 12ರ ಹತ್ತಿರ ಬಂತು. ಆಮೇಲೆ ಒಂದು ನಿಂಬೆಹಣ್ಣು ಪೂರ್ತಿ ಹಿಂಡಿದೆ. ಕೆಂಪು ಎಲ್ಲಿ ಹೋಯಿತೋ, ತಟ್ಟೆ ತುಂಬ ಹಳದಿ. ಹೊಸ ಪಟ್ಟಿಯಲ್ಲಿ 3. ಹನ್ನೆರಡರಲ್ಲಿ ಮೂರು ಕಳೆದರೆ ಒಂಬತ್ತು, ಒಂದನೇ ಕ್ಲಾಸಿನ ಲೆಕ್ಕ. ತಟ್ಟೆಯೊಳಗೆ ಆದದ್ದು ಮಾತ್ರ ನೂರು ಕೋಟಿ ಪಟ್ಟು ಬದಲಾವಣೆ.

ಪಿಎಚ್‌ನಲ್ಲಿ ಒಂದೊಂದು ಮೆಟ್ಟಿಲು ಇಳಿದಾಗಲೂ ದ್ರವದಲ್ಲಿನ ಹೈಡ್ರೋಜನ್ ಅಯಾನುಗಳು ಹತ್ತು ಪಟ್ಟು. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿದ್ದ ಸೋರೆನ್ ಸೋರೆನ್‌ಸನ್ 1909ರಲ್ಲಿ ಈ ಅಳತೆ ತಂದರು. ಬಿಂದುವಿನ ಮುಂದೆ ಆರು ಸೊನ್ನೆ ಬರೆದು ಒಂದು ಹಾಕುವ ಬದಲು ಸುಮ್ಮನೆ 7 ಎಂದರೆ ಆಯಿತು. ಬರೆಯುವವರಿಗೆ ಉಪಕಾರವೇ. ಓದುವವರಿಗೆ ಮಾತ್ರ ಸೊನ್ನೆಗಳೆಲ್ಲ ಕಣ್ಮರೆಯಾದವು.

ಆ ಸೊನ್ನೆಗಳನ್ನು ಜನರ ಲೆಕ್ಕಕ್ಕೆ ತಂದರೆ ಹೀಗಾಗುತ್ತದೆ. ಅಪ್ಪಟ ನೀರಿನ ಪಿಎಚ್ 7. ಅದರಲ್ಲಿ ಸುಮಾರು 55 ಕೋಟಿ ನೀರಿನ ಅಣುಗಳಿಗೆ ಒಂದು ಹೈಡ್ರೋಜನ್ ಅಯಾನು. ನೂರನಲವತ್ತು ಕೋಟಿಯ ನಮ್ಮ ದೇಶದಲ್ಲಿ ಇಬ್ಬರೋ ಮೂವರೋ ಇದ್ದ ಹಾಗೆ. ಪಿಎಚ್ 2ರ ಆಸುಪಾಸಿನ ನಿಂಬೆರಸಕ್ಕೆ ಬಂದರೆ ಐದೂವರೆ ಸಾವಿರಕ್ಕೆ ಒಂದು, ಅಂದರೆ ಒಂದು ದೊಡ್ಡ ಹಳ್ಳಿಗೆ ಒಬ್ಬ. ನೂರಕ್ಕೆ ಹತ್ತು ಭಾಗ ಹೈಡ್ರೋಕ್ಲೋರಿಕ್ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್‌ನಲ್ಲಿ ಹದಿನೆಂಟಕ್ಕೆ ಒಂದು. ಐವತ್ತು ಸೀಟಿನ ಬಸ್ಸು ಹತ್ತಿದರೆ ಅಲ್ಲೇ ಇಬ್ಬರು ಮೂವರು ಕೂತಿರುತ್ತಾರೆ. ಇನ್ನು ಸುಣ್ಣದ ತಿಳಿ, ಪಿಎಚ್ 12.4. ಅಲ್ಲಿ ಇಂಥ ಒಬ್ಬ ಸಿಗಬೇಕಾದರೆ ಒಂದು ಲಕ್ಷ ಭಾರತಗಳನ್ನು ಹುಡುಕಬೇಕು. ಹಾಗಂತ ಖಾಲಿಯಲ್ಲ. ಆ ತಿಳಿಯ ಒಂದೇ ಹನಿಯಲ್ಲಿ ಇನ್ನೂ ಒಂದು ಕೋಟಿಗೆ ಮೇಲ್ಪಟ್ಟು ಅಯಾನುಗಳಿವೆ. ಹನಿ ಎಂದರೆ ಅಷ್ಟು ದೊಡ್ಡ ಊರು.

ಟಾಯ್ಲೆಟ್ ಕ್ಲೀನರ್‌ಗೆ ನನ್ನ ಪಟ್ಟಿ ಸಾಲದು. ಅದು 1ಕ್ಕೇ ನಿಲ್ಲುತ್ತದೆ, ದ್ರವ ಸೊನ್ನೆಗಿಂತಲೂ ಕೆಳಗಿಳಿಯುತ್ತದೆ. (ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಗಣಿಯೊಳಗೆ ಒಸರುವ ನೀರು −3.6ರವರೆಗೆ ಹೋಗಿದೆ. ಅದರ ಮುಂದೆ ಇದು ಪಾನಕ.) ಹಾಗಾಗಿ ಕಾಗದದ ಮೇಲೆಯೇ ಲೆಕ್ಕ ಹಾಕಿದೆ. ಒಂದು ಚಮಚ ಕ್ಲೀನರನ್ನು ಅಪ್ಪಟ ನೀರು ಬೆರೆಸಿಯೇ ಪಿಎಚ್ 6ಕ್ಕೆ ತರಬೇಕೆಂದರೆ ಎಷ್ಟು ನೀರು ಬೇಕು? ಹದಿನಾಲ್ಕು ಸಾವಿರ ಲೀಟರಿಗೂ ಹೆಚ್ಚು. ಒಂದು ಚಮಚಕ್ಕೆ ಟ್ಯಾಂಕರ್ ಮೇಲೆ ಟ್ಯಾಂಕರ್! ಅದೇ ಚಮಚಕ್ಕೆ ನಮ್ಮ ಬೋರ್‌ವೆಲ್ಲಿನ ಗಡಸು ನೀರು ಒಂದು ಬಕೆಟ್ ಸಾಕು. ಗೀಸರಿನ ಕಾಯಿಲ್ಲಿಗೆ ಬೆಳ್ಳಗೆ ಕಟ್ಟಿಕೊಂಡು ನಾವು ದಿನವೂ ಬೈಯುವ ಆ ಗಡಸಿನ ಹಿಂದೆ ಬೈಕಾರ್ಬನೇಟ್ ಇದೆಯಲ್ಲ, ಅದು ಆಸಿಡ್ಡನ್ನು ತಿಂದುಹಾಕುತ್ತದೆ. ಬೋರ್ ನೀರಿನ ಬಗ್ಗೆ ನನಗೆ ಮೊದಲ ಸಲ ಗೌರವ ಬಂದದ್ದು ಆಗ.

ಇಷ್ಟೆಲ್ಲ ಅಯಾನುಗಳನ್ನು ಹಿಡಿದಿಡುವ ಗೋಡೆ ಎಷ್ಟು ದಪ್ಪ? ಅಲ್ಯೂಮಿನಿಯಂ ಪಾತ್ರೆಯನ್ನು ಕಾಯುತ್ತಿರುವುದು ಅದರ ಮೈಮೇಲಿನ ಆಕ್ಸೈಡ್ ಪೊರೆ. ಬರೀ ಕೆಲವು ನ್ಯಾನೊಮೀಟರ್, ತಲೆಗೂದಲಿನ ದಪ್ಪದಲ್ಲಿ ಹತ್ತು ಸಾವಿರದಲ್ಲೊಂದು ಪಾಲೂ ಇರಲಾರದು. ಹುಳಿ ಅದನ್ನು ಕರಗಿಸುತ್ತದೆ, ಕ್ಷಾರವೂ ಕರಗಿಸುತ್ತದೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಬರುತ್ತದೆಂದು ಅಜ್ಜಿ ಬೈಯುತ್ತಿದ್ದಳು. ಉಪ್ಪಿನಕಾಯಿಗೆ ಜಾಡಿ ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಪ್ಲಾಸ್ಟಿಕ್ಕಿನ ಕಾಲದವರಾದ ನಮಗೆ ಬಾಟಲಿಯ ತಳದ ತ್ರಿಕೋನದಲ್ಲಿ ಒಂದು ಅಂಕಿ ಇದೆ. 2 ಇದ್ದರೆ ಗಟ್ಟಿ ಪಾಲಿಥಿನ್, ಆಸಿಡ್ಡಿಗೆ ಜಗ್ಗುವುದಿಲ್ಲ. ಆದರೆ ಪೇಂಟಿನ ಥಿನ್ನರ್ ಅದೇ ಬಾಟಲಿಯ ಗೋಡೆಯೊಳಗೆ ನುಸುಳಿ ಮೆಲ್ಲಗೆ ಹೊರಗೆ ಆರುತ್ತದೆ, ಬಾಟಲಿ ಸೊಟ್ಟಗಾಗುತ್ತದೆ. ಅದಕ್ಕೇ ಥಿನ್ನರ್ ತಗಡಿನ ಡಬ್ಬಿಯಲ್ಲಿ ಬರುತ್ತದೆ. ಆಸಿಡ್ಡನ್ನು ತಗಡಿಗೆ ಸುರಿದರೆ ತಗಡೇ ಉಳಿಯದು.

ನೇಲ್ ಪಾಲಿಶ್ ತೆಗೆಯುವ ಅಸಿಟೋನನ್ನು ಒಮ್ಮೆ ತಿಳಿಯದೆ ಥರ್ಮೋಕೋಲ್ ಲೋಟಕ್ಕೆ ಹಾಕಿದ್ದೆ. ಲೋಟದ ತಳ ಸುಯ್ ಎಂದು ಕುಸಿಯಿತು. ಮೇಜಿನ ಮೇಲೆ ಉಳಿದದ್ದು ಅಂಟಂಟಾದ ಒಂದು ಬಿಳಿ ಮುದ್ದೆ. ಥರ್ಮೋಕೋಲ್‌ನಲ್ಲಿ ನೂರಕ್ಕೆ ತೊಂಬತ್ತೆಂಟರಷ್ಟು ಗಾಳಿಯೇ. ಗಾಳಿ ಹೋದ ಮೇಲೆ ಲೋಟ ಎಂಬುದು ನನ್ನ ಹೆಬ್ಬೆರಳಿನ ಉಗುರಿನಷ್ಟು.

ನೀರಿನ ಬಾಟಲಿ ಹಾಗಲ್ಲ. ಅದರ ತಳದಲ್ಲಿ 1 ಇರುತ್ತದೆ, ಟಾಯ್ಲೆಟ್ ಕ್ಲೀನರನ್ನೂ ಅದು ಆರಾಮಾಗಿ ತಡೆದುಕೊಳ್ಳುತ್ತದೆ. ಕರಗುವುದಿಲ್ಲ, ಸೋರುವುದಿಲ್ಲ, ಬಣ್ಣ ಕೂಡ ಕೆಡುವುದಿಲ್ಲ. ಗಾಡಿಯವನ ಹತ್ತಿರ ಬಿಡಿಯಾಗಿ ಕೊಂಡ ಆಸಿಡ್ ಅಂಥ ಒಂದು ಬಾಟಲಿಯಲ್ಲಿ, ಮೊನ್ನೆ ಪಟ್ಟಿಗಳಿಗೆ ಹುಡುಕುವಾಗ, ನಮ್ಮ ಸಿಂಕಿನ ಕೆಳಗೇ ಸಿಕ್ಕಿತು. ಲೇಬಲ್ ಕೂಡ ಕಿತ್ತಿರಲಿಲ್ಲ. ಶುದ್ಧ ಕುಡಿಯುವ ನೀರು ಎಂದಿತ್ತು.