ಪುನರ್ರಚಿತ ಮೂತ್ರಕೋಶಕ್ಕೆ ಬೊಟುಲಿನಮ್ ಟಾಕ್ಸಿನ್ ಚಿಕಿತ್ಸೆ

ಕರುಳಿನ ತುಂಡನ್ನು ಜೋಡಿಸಿ ಮೂತ್ರಕೋಶವನ್ನು ಹಿಗ್ಗಿಸಿದ ಶಸ್ತ್ರಚಿಕಿತ್ಸೆಯ ನಂತರವೂ ಮೂತ್ರ ಸೋರಿಕೆ ಅಥವಾ ಒಳಒತ್ತಡ ಉಳಿದುಕೊಂಡಾಗ, ಕೋಶದ ಗೋಡೆಗೆ ಎ ವಿಧದ ಬೊಟುಲಿನಮ್ ಟಾಕ್ಸಿನ್ ಚುಚ್ಚುವ ಚಿಕಿತ್ಸೆಯೇ ಇದು. ಇದರ ವ್ಯಾಪಾರನಾಮಗಳಲ್ಲೊಂದಾದ ಬೋಟಾಕ್ಸ್ ಅನ್ನು ಜನರು ಮುಖದ ಸುಕ್ಕು ತೆಗೆಯುವ ಔಷಧವೆಂದೇ ಹೆಚ್ಚಾಗಿ ಬಲ್ಲರು.

ಬೆನ್ನುಹುರಿಗೆ ಪೆಟ್ಟಾದವರಲ್ಲಿ ಹಾಗೂ ಸ್ಪೈನಾ ಬೈಫಿಡಾದೊಂದಿಗೆ ಹುಟ್ಟಿದ ಮಕ್ಕಳಲ್ಲಿ ಮೂತ್ರಕೋಶವು ಕುಗ್ಗಿ ಬಿಗಿಯಾಗಬಹುದು. ಆ ಒತ್ತಡ ಹಿಂದಕ್ಕೆ ಏರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಔಷಧ ಸಾಲದಾದಾಗ ಶಸ್ತ್ರವೈದ್ಯರು ಸಣ್ಣಕರುಳಿನ ಒಂದು ಭಾಗವನ್ನು ರಕ್ತನಾಳ ಸಮೇತ ಬೇರ್ಪಡಿಸಿ, ಸೀಳಿ ಹರಡಿ, ಮೂತ್ರಕೋಶಕ್ಕೆ ಹೊಲಿಯುತ್ತಾರೆ. ಆದರೆ ಕರುಳು ತನ್ನ ಸಂಕೋಚನದ ಗುಣವನ್ನು ಪೂರ್ತಿ ಬಿಡುವುದಿಲ್ಲ; ಹಳೆಯ ಸ್ನಾಯುವೂ ಅತಿಯಾಗಿ ಚಟುವಟಿಕೆಯಲ್ಲಿರಬಹುದು. ಒತ್ತಡ ಎಲ್ಲಿಂದ ಹುಟ್ಟುತ್ತಿದೆ ಎಂಬುದರ ಮೇಲೆ ಚುಚ್ಚುವ ಜಾಗ ನಿರ್ಧಾರವಾಗುವುದರಿಂದ ಯುರೋಡೈನಮಿಕ್ ಪರೀಕ್ಷೆ ಮೊದಲೇ ಆಗಬೇಕು.

ಈ ವಿಷವು ನರತುದಿಯಲ್ಲಿ ಸ್ನ್ಯಾಪ್-25 ಎಂಬ ಪ್ರೋಟೀನನ್ನು ಕತ್ತರಿಸಿ ಅಸಿಟೈಲ್‌ಕೋಲಿನ್ ಬಿಡುಗಡೆಯನ್ನು ತಡೆಯುತ್ತದೆ, ಸ್ನಾಯು ಸಡಿಲಗೊಳ್ಳುತ್ತದೆ. ನರಸಂಬಂಧಿ ಮೂತ್ರಕೋಶದ ತೊಂದರೆಗೆ ವಯಸ್ಕರಲ್ಲಿ 200 ಯೂನಿಟ್ಟುಗಳನ್ನು ಸಿಸ್ಟೊಸ್ಕೋಪ್ ಮೂಲಕ ಸುಮಾರು 30 ಕಡೆ ಹಂಚಿ ಕೊಡುವುದು ರೂಢಿ. ಅಮೆರಿಕದಲ್ಲಿ ಈ ಬಳಕೆಗೆ 2011ರಲ್ಲಿ ಅನುಮತಿ ದೊರೆಯಿತು. ಪುನರ್ರಚಿತ ಮೂತ್ರಕೋಶ ಅದರಲ್ಲಿ ಪ್ರತ್ಯೇಕವಾಗಿ ಸೇರಿಲ್ಲ. ಪ್ರಕಟವಾದ ಅನುಭವವೆಲ್ಲ ಸಣ್ಣ ರೋಗಿಗುಂಪುಗಳದ್ದು. ಹೀಗಾಗಿ ಮತ್ತೊಂದು ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ ನೋಡಬಹುದಾದ ಪ್ರಯತ್ನವೆಂದು ಇದನ್ನು ಪರಿಗಣಿಸುವುದು ಸೂಕ್ತ. ಪರಿಣಾಮ ಸಾಮಾನ್ಯವಾಗಿ 6ರಿಂದ 9 ತಿಂಗಳಲ್ಲಿ ಇಳಿಯುತ್ತದೆ, ಮತ್ತೆ ಚುಚ್ಚಬೇಕಾಗುತ್ತದೆ.

ವಿಜಯಪುರ ನಗರದಲ್ಲಿ 1986ರಲ್ಲಿ ಆರಂಭವಾದ ಬಿ.ಎಲ್.ಡಿ.ಇ. ಸಂಸ್ಥೆಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಮತ್ತು ಜಿಲ್ಲಾಸ್ಪತ್ರೆ ಇವೆ. ತಿಕೋಟಾ, ಬಬಲೇಶ್ವರದಂಥ ಊರುಗಳಲ್ಲಿರುವ ರೋಗಿಗೆ ನಗರದ ದಾರಿಗಿಂತ ಮನೆಯಲ್ಲಿ ದಿನಕ್ಕೆ ಹಲವು ಬಾರಿ ಕ್ಯಾತಿಟರ್ ಹಾಕಿ ಮೂತ್ರ ತೆಗೆಯುವ ಶಿಸ್ತೇ ಕಠಿಣವಾಗಬಹುದು. ಚುಚ್ಚುಮದ್ದಿನ ನಂತರ ಕೋಶ ತಾನಾಗಿ ಪೂರ್ತಿ ಖಾಲಿಯಾಗದಿರಬಹುದು. ಹಿಗ್ಗಿಸಿದ ಕೋಶ ತುಂಬಿ ಉಬ್ಬಿದರೆ ಒಡೆಯುವ ಅಪಾಯವಿದ್ದು, ಅದು ಪ್ರಾಣಕ್ಕೆ ಕುತ್ತು. ಬೆನ್ನುಹುರಿ ಹಾನಿಯಾದವರಿಗೆ ನೋವೇ ತಿಳಿಯದಿರಬಹುದು. ಹೊಟ್ಟೆ ಉಬ್ಬರ, ಜ್ವರ, ವಾಂತಿ ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಕರುಳಿನ ಲೋಳೆ ಕಟ್ಟಿಕೊಂಡು ಕಲ್ಲಾಗುವುದೂ ಉಂಟು. ಬಿಸಿಲಿನ ಈ ಜಿಲ್ಲೆಯಲ್ಲಿ ನೀರು ಕಡಿಮೆ ಕುಡಿದರೆ ಆ ಸಾಧ್ಯತೆ ಹೆಚ್ಚು. ವೈದ್ಯರು ಹೇಳಿಕೊಟ್ಟಂತೆ ಸಲೈನಿನಿಂದ ಕೋಶವನ್ನು ತೊಳೆಯುತ್ತಿರಬೇಕು.