ಪಕ್ಕದಲ್ಲಿ ಉರಿಯುವ ಒಲೆ

ಟೆಕ್ಸಸ್‌ನ ಆಸ್ಟಿನ್ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ಹೋದರೆ ಲಾಕ್‌ಹಾರ್ಟ್ ಎಂಬ ಸಣ್ಣ ಊರು. ಅಲ್ಲಿನ ಸ್ಮಿಟ್ಟೀಸ್ ಮಾರ್ಕೆಟ್‌ನೊಳಗೆ ಕಾಲಿಟ್ಟವರು ಮೊದಲು ನೆಲ ನೋಡಿಕೊಳ್ಳಬೇಕು. ಉದ್ದನೆಯ ಇಟ್ಟಿಗೆ ಗೂಡಿನ ಬಾಯಲ್ಲಿ, ನೆಲದ ಮೇಲೇ, ಸೌದೆ ಉರಿಯುತ್ತಿರುತ್ತದೆ. ಗೋಡೆ, ಸೂರು, ದೀಪದ ತಂತಿ ಎಲ್ಲಕ್ಕೂ ಮಸಿ ಹಿಡಿದಿದೆ. ಆದರೆ ಆ ಉರಿಯ ಮೇಲೆ ಏನೂ ಬೇಯುತ್ತಿರುವುದಿಲ್ಲ. ಮಾಂಸವೆಲ್ಲ ಆಚೆ, ಗೂಡಿನ ಹೊಟ್ಟೆಯೊಳಗೆ, ಮುಚ್ಚಳದಡಿ ಮಲಗಿರುತ್ತದೆ. ಆ ತುದಿಯ ಚಿಮಣಿ ಈ ತುದಿಯ ಬಿಸಿಯನ್ನೂ ಹೊಗೆಯನ್ನೂ ಎಳೆದುಕೊಳ್ಳುತ್ತದೆ. ಜರ್ಮನಿ, ಚೆಕ್ ನಾಡುಗಳಿಂದ ವಲಸೆ ಬಂದ ಮಾಂಸದಂಗಡಿಯವರು, ಮಾರಾಟವಾಗದೆ ಉಳಿದದ್ದನ್ನು ಹೊಗೆಯಲ್ಲಿ ಬೇಯಿಸಿ ಕಾಗದದಲ್ಲಿ ಕಟ್ಟಿಕೊಡುತ್ತಿದ್ದ ಕಾಲದ ಏರ್ಪಾಡು ಇದು. ಇದೇ ಊರಿನ ಅಂಥದೇ ಇನ್ನೊಂದು ಅಂಗಡಿ, ಕ್ರೂಜ್ ಮಾರ್ಕೆಟ್, 1900ರದು.

ಈ ಗೂಡನ್ನೇ ಕಬ್ಬಿಣದಲ್ಲಿ ಕಿರಿದಾಗಿಸಿ ಹಿತ್ತಲಿಗೆ ತಂದರೆ ಅದು ಆಫ್‌ಸೆಟ್ ಸ್ಮೋಕರ್. ಅಡ್ಡ ಮಲಗಿಸಿದ ಪೀಪಾಯಿ, ಅದರ ಒಂದು ಮಗ್ಗುಲಲ್ಲಿ ತುಸು ಕೆಳಗೆ ಬೆಂಕಿಯ ಪೆಟ್ಟಿಗೆ, ಇನ್ನೊಂದು ಮಗ್ಗುಲಲ್ಲಿ ಚಿಮಣಿ. ಕೊಡಗಿನ ಹಳೆಯ ಅಡುಗೆಮನೆಗಳಲ್ಲೂ ಒಲೆಯ ಮೇಲೆ ಮಾಂಸ ತೂಗುಹಾಕುವ ಕ್ರಮವಿತ್ತು. ಅಲ್ಲಿ ಹೊಗೆಯ ಕೆಲಸ ಮಾಂಸವನ್ನು ಒಣಗಿಸಿ, ಕೆಡದಂತೆ ಕಾಯುವುದು. ಇಲ್ಲಿ ಮಾಂಸ ಬೇಯುವುದೇ ಹರಿಯುವ ಬಿಸಿಗಾಳಿಯಲ್ಲಿ. ಹೊಗೆ ಅದರ ಜೊತೆಗೆ ಬರುವ ಒಗ್ಗರಣೆ ಅಷ್ಟೆ.

ಕೊಳ್ಳಲು ಹೋದವರನ್ನು ಮೊದಲು ಸೆಳೆಯುವುದು ಗಾಲಿ, ಮರದ ಹಿಡಿ, ಮಿರಿಮಿರಿ ಕಪ್ಪು ಬಣ್ಣ. ಬಲ್ಲವನು ಅದೊಂದನ್ನೂ ನೋಡದೆ ಮುಚ್ಚಳವನ್ನು ಎತ್ತಿ ಬಿಡುತ್ತಾನೆ. ತೆಳು ತಗಡು 'ಡಣ್' ಎನ್ನುತ್ತದೆ. ಕಾಲಿಂಚು, ಅಂದರೆ 6 ಮಿ.ಮೀ. ದಪ್ಪದ ಉಕ್ಕು 'ದಪ್' ಎಂದು ಕೂರುತ್ತದೆ. ದಪ್ಪ ಉಕ್ಕು ಒಮ್ಮೆ ಕಾದರೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಮುಚ್ಚಳ ತೆರೆದರೂ, ಗಾಳಿ ಬೀಸಿದರೂ ಬೇಗ ಹದ ತಪ್ಪುವುದಿಲ್ಲ. ತೂಕವೂ ಹಾಗೇ, ಇಬ್ಬರು ಸೇರಿ ಎತ್ತಿ ಇಳಿಸುವ ವಸ್ತುವಲ್ಲ. ಆಮೇಲೆ ಅವನು ಮಂಡಿಯೂರಿ ಒಳಗೆ ಟಾರ್ಚ್ ಬಿಡುತ್ತಾನೆ. ಹೊರಗೆ ನಿಂತವನಿಗೆ ಮುಚ್ಚಳದ ಅಂಚಿನಲ್ಲಿ ಬೆಳಕು ಕಂಡರೆ ಅಲ್ಲೇ ಹೊಗೆಯೂ ಸೋರುತ್ತದೆ. ಶಾಖ ತಡೆಯುವ ಪಟ್ಟಿ ಅಂಟಿಸಿ ಇದನ್ನು ಸರಿಮಾಡಬಹುದು. ಸಣ್ಣ ಬೆಂಕಿಪೆಟ್ಟಿಗೆಯನ್ನು, ಸಪುರ ಚಿಮಣಿಯನ್ನು ಸರಿಮಾಡುವುದು ಕಷ್ಟ. ನನ್ನ ಮಟ್ಟಿಗೆ, ತೆಳು ತಗಡಿನ ದೊಡ್ಡದಕ್ಕಿಂತ ದಪ್ಪ ಉಕ್ಕಿನ ಚಿಕ್ಕದೇ ಮೇಲು. ಹೊಸದು ಕೊಳ್ಳದೆ ಹಳೆಯ ಪ್ರೊಪೇನ್ ಟ್ಯಾಂಕನ್ನು ಕೊಯ್ದು ಬೆಸುಗೆ ಹಾಕಿಸುವವರೂ ಇದ್ದಾರೆ. 2009ರಲ್ಲಿ ಆಸ್ಟಿನ್‌ನ ರಸ್ತೆ ಬದಿಯ ಟ್ರೇಲರ್‌ನಲ್ಲಿ ಅಂಗಡಿ ತೆರೆದ ಏರನ್ ಫ್ರಾಂಕ್ಲಿನ್ ಅಂಥ ಟ್ಯಾಂಕ್‌ಗಳಿಂದಲೇ ತಮ್ಮ ಸ್ಮೋಕರ್‌ಗಳನ್ನು ಕಟ್ಟಿಕೊಂಡವರು. 2015ರಲ್ಲಿ ಅವರಿಗೆ, ಅಮೆರಿಕದ ಬಾಣಸಿಗರಿಗೆ ಸಲ್ಲುವ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು.

ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ, ತೀರ್ಥಹಳ್ಳಿ ಕಡೆಯ ಹುಡುಗನೊಬ್ಬನ ಹಿತ್ತಲು. ಬೆಳಗಿನ ಜಾವವೇ ಬೆಂಕಿ ಹೊತ್ತಿದೆ. ಆರು ಕೆ.ಜಿ. ತೂಗುವ ಬ್ರಿಸ್ಕೆಟ್, ಅಂದರೆ ದನದ ಎದೆಭಾಗ, ಬರೀ ಉಪ್ಪು ಮತ್ತು ಕುಟ್ಟಿದ ಕಾಳುಮೆಣಸು ಮೆತ್ತಿಸಿಕೊಂಡು ಒಳಗೆ ಸೇರಿದೆ. ಆದರೆ ಚಿಮಣಿಯಿಂದ ದಟ್ಟ ಬಿಳಿ ಹೊಗೆ ಉಕ್ಕುತ್ತಿದೆ. ಊರಿಂದ ಬಂದಿರುವ ಅಮ್ಮ ದನದ ಮಾಂಸ ಮುಟ್ಟುವವರಲ್ಲ, ಹಾಗೆಂದು ಬೆಂಕಿಯ ವಿಷಯದಲ್ಲಿ ಸುಮ್ಮನಿರುವವರೂ ಅಲ್ಲ.

"ಹಸಿ ಸೌದೆ ತುರುಕಿದ್ಯೇನಾ? ಬೂದಿ ಎಳಿ ಮೊದ್ಲು. ಅದಕ್ಕೂ ಉಸಿರಾಡಕ್ಕೆ ಜಾಗ ಬೇಡ್ವಾ?"

ಮಲೆನಾಡಿನ ಬಚ್ಚಲೊಲೆ ಉರಿಸಿದ ಕೈಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅವನು ಬೂದಿ ಎಳೆದ, ಬಾಗಿಲನ್ನು ನಾಲ್ಕು ಬೆರಳು ತೆರೆದಿಟ್ಟ. ಕೆಂಡ ಕೆಂಪೇರಿ ಸೀಳು ಸೌದೆಗೆ ಉರಿ ಹತ್ತಿತು. ಚಿಮಣಿಯ ತುದಿಯಲ್ಲಿ ಹೊಗೆ ತೆಳುವಾಗುತ್ತ, ನೀಲಿಗೆ ತಿರುಗುತ್ತ, ಕೊನೆಗೆ ಬಿಸಿಗಾಳಿಯ ನಡುಕ ಮಾತ್ರ ಕಾಣುವಂತಾಯಿತು. ಬೇಕಾದದ್ದು ಇದೇ. ಬಿಳಿ ಹೊಗೆ ಅರೆಬರೆ ಉರಿಯ ಗುರುತು. ಅದು ಕೂತ ಮಾಂಸ ಕಹಿಯಾಗುತ್ತದೆ. ಹಾಗಾಗಿ ಬಿಸಿ ಹೆಚ್ಚಾಯಿತೆಂದು ಗಾಳಿ ಮುಚ್ಚಬಾರದು, ಸೌದೆ ಚಿಕ್ಕದು ಹಾಕಬೇಕು. ಅರ್ಧ ಮುಕ್ಕಾಲು ಗಂಟೆಗೊಂದು ಸೀಳು. ಮುಂದಿನ ಸರದಿಯದು ಪೆಟ್ಟಿಗೆಯ ಮೇಲೇ ಕಾಯುತ್ತಿದ್ದರೆ ಇಟ್ಟ ಕೂಡಲೇ ಹೊತ್ತಿಕೊಳ್ಳುತ್ತದೆ. ಮಾಂಸ ಇರುವ ಮಟ್ಟದಲ್ಲಿ 250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 120 ಸೆಲ್ಸಿಯಸ್‌ನ ಆಸುಪಾಸು ಇದ್ದರೆ ಸಾಕು. ಮುಚ್ಚಳದ ಮೇಲಿನ ತಾಪಮಾಪಕ ತೋರಿಸುವುದು ಅಲ್ಲಿನ ಬಿಸಿಯನ್ನು, ಮಾಂಸದ ಬಳಿಯದನ್ನಲ್ಲ.

ಈ ಸೀಮೆಯ ಸೌದೆ ಪೋಸ್ಟ್ ಓಕ್. ಪಶ್ಚಿಮ ಟೆಕ್ಸಸ್‌ನಲ್ಲಿ ಮೆಸ್ಕೀಟ್. ನಮ್ಮ ಬಯಲುಸೀಮೆಯ ಕೆರೆಯಂಗಳಗಳನ್ನೆಲ್ಲ ನುಂಗಿರುವ ಬಳ್ಳಾರಿ ಜಾಲಿಯ ಖಾಸಾ ದಾಯಾದಿ ಅದು. ಕೆಂಡಕ್ಕೆ ಅದಕ್ಕಿಂತ ಗಟ್ಟಿ ಸೌದೆ ಬೇಡ. ಆದರೆ ಅದರ ಹೊಗೆ ಖಾರ, ದಿನವಿಡೀ ಬೇಯುವ ಅಡುಗೆಗೆ ಒಗ್ಗುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಾಂಸದೊಳಗಿನ ಬಿಸಿ 70 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದು ನಿಂತುಬಿಡುತ್ತದೆ. ಒಂದು ಗಂಟೆ, ಎರಡು ಗಂಟೆ ಕಳೆದರೂ ಮುಳ್ಳು ಅಲುಗುವುದಿಲ್ಲ. ಹೊಸಬರು ಗಾಬರಿಯಾಗಿ ಸೌದೆ ಒಟ್ಟುವುದು ಆಗಲೇ. ನಡೆಯುತ್ತಿರುವುದು ಇಷ್ಟು: ಮಾಂಸ ಬೆವರುತ್ತಿದೆ, ಬೆವರು ಆರುತ್ತ ಅದನ್ನು ತಂಪಾಗಿಸುತ್ತಿದೆ. ಮೈ ಕಪ್ಪಗೆ ಹೊಪ್ಪಳೆಗಟ್ಟಿದ ಮೇಲೆ ದಪ್ಪ ಕಾಗದದಲ್ಲಿ ಸುತ್ತಿದರೆ ಬೆವರು ಆರುವುದು ತಗ್ಗಿ, ಮುಳ್ಳು ಮತ್ತೆ ಏರುತ್ತದೆ. 95ರ ಸುಮಾರಿಗೆ ಒಳಗಿನ ಗಡಸು ನಾರೆಲ್ಲ ಕರಗಿ ಲೋಳೆಯಾಗಿರುತ್ತದೆ. ಚುಚ್ಚಿದ ಕಡ್ಡಿ ತಡೆಯಿಲ್ಲದೆ ಇಳಿಯಬೇಕು, ಅಂಕಿಗಿಂತ ಆ ಕಡ್ಡಿಯನ್ನೇ ನಂಬುವುದು ಲೇಸು. ಕೊಯ್ದಾಗ ಅಂಚಿನಲ್ಲಿ ಕಾಣುವ ಗುಲಾಬಿ ಪಟ್ಟೆಗೆ ಎಲ್ಲರೂ ಮೊಬೈಲ್ ಹಿಡಿಯುತ್ತಾರೆ. ಅದು ಬೆಂಕಿಯಿಂದ ಬಂದ ನೈಟ್ರಿಕ್ ಆಕ್ಸೈಡ್ ಮಾಂಸದ ಬಣ್ಣ ಹಿಡಿದಿಟ್ಟ ಗುರುತು. ರುಚಿಗೂ ಅದಕ್ಕೂ ಸಂಬಂಧವಿಲ್ಲ.

ಇಳಿಸಿದ ಬ್ರಿಸ್ಕೆಟ್ ತಣಿಯಲು ಇನ್ನೂ ಗಂಟೆಯ ಮೇಲಾಗುತ್ತದೆ. ಅಷ್ಟರಲ್ಲಿ ಅಮ್ಮ ದಪ್ಪ ಬದನೆಕಾಯಿಗಳಿಗೆ ಎಣ್ಣೆ ಸವರಿಕೊಂಡು ಬಂದರು.

"ಇಷ್ಟು ಚಂದದ ಕೆಂಡ ಸುಮ್ನೆ ಹಾಳ್ಮಾಡ್ತೀಯಲ್ಲ!"

ಸುಟ್ಟು, ಸಿಪ್ಪೆ ಸುಲಿದು, ಹಸಿಮೆಣಸು, ಹುಣಸೆಹುಳಿ ಹಾಕಿ ಕಿವುಚಿದ ಗೊಜ್ಜು ಊಟದ ಹೊತ್ತಿಗೆ ಮೇಜಿಗೆ ಬಂತು. ಪಕ್ಕದ ಮನೆಯ ಟೆಕ್ಸಸ್ ಅಜ್ಜ, ಒಳ್ಳೆ ಬ್ರಿಸ್ಕೆಟ್‌ಗೆ ಸಾಸ್ ಹಾಕುವುದು ಅಪರಾಧ ಎಂದು ಆಗಷ್ಟೇ ಎಲ್ಲರಿಗೂ ಉಪದೇಶ ಮಾಡಿದ್ದವರು, ಗೊಜ್ಜಿನ ಸೌಟಿಗೆ ಎರಡನೇ ಸಲ ಕೈಹಾಕಿದರು.